ಶಾಲು ಹೊದಿಸಿ ಕೂರಿಸಬೇಡಿ

ಪತ್ರ: ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನವರ ‘ಹ್ಯಾಕ್ನಿ ಡೈಮಂಡ್ಸ್’ ಆಲ್ಬಂ ನಲವತ್ತು ವರ್ಷದಲ್ಲೇ ಒಳ್ಳೆಯದು ಅಂತ ಕೆಲವರು ಬರೆದಿದ್ದಾರೆ. ಪಿಚ್‌ಫೋರ್ಕ್ ಅನ್ನುವ ಸಂಗೀತ ವಿಮರ್ಶೆಯ ವೆಬ್‌ಸೈಟ್ ಮಾತ್ರ ಹತ್ತಕ್ಕೆ 4.5 ಕೊಟ್ಟಿದೆ. ಯಾರನ್ನು ನಂಬಲಿ? ನಾನಿನ್ನೂ ಕೇಳಿಲ್ಲ. 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಳೆಯಲ್ಲಿ ನೆನೆಯುತ್ತಾ ಇವರನ್ನು ನೋಡಿದವನು ನಾನು. ಎಂಬತ್ತರ ವಯಸ್ಸಿನಲ್ಲಿ ಇವರಿಗೆ ಇದೆಲ್ಲ ಬೇಕಿತ್ತಾ?
– ಒಬ್ಬ ಓದುಗ, ಸಕಲೇಶಪುರ

ಉತ್ತರ: ಮಳೆಯಲ್ಲಿ ನೆನೆದವರು ನೀವು, ಸ್ವಾಮಿ! ನಿಮಗೆ ಹನ್ನೆರಡು ಹಾಡು ಕೇಳಲು ಪುರುಸೊತ್ತಿಲ್ಲ, ವಿಮರ್ಶೆ ಓದಲು ಇದೆ. ಹಾಸನದಲ್ಲಿ ಬಸ್ ಹತ್ತಿ ಇಯರ್‌ಫೋನ್ ಹಾಕಿಕೊಂಡರೆ ನಿಮ್ಮೂರು ಬರುವಷ್ಟರಲ್ಲಿ ಇಡೀ ಆಲ್ಬಂ ಮುಗಿದಿರುತ್ತದೆ.

ಬೈದವರ ಮಾತಿನಲ್ಲೂ ನಿಜವಿದೆ. ನಿರ್ಮಾಪಕ ಆಂಡ್ರೂ ವಾಟ್ 1990ರಲ್ಲಿ ಹುಟ್ಟಿದವರು. ಸದ್ದನ್ನು ಸ್ವಲ್ಪ ಜಾಸ್ತಿಯೇ ತಿಕ್ಕಿ ತೊಳೆದಿದ್ದಾರೆ. ಪಾಲ್ ಮೆಕಾರ್ಟ್ನಿ, ಎಲ್ಟನ್ ಜಾನ್, ಲೇಡಿ ಗಾಗಾ, ಸ್ಟೀವಿ ವಂಡರ್ ಎಲ್ಲರೂ ಬಂದು ಮದುವೆ ಮನೆಯಷ್ಟು ಗದ್ದಲವಾಗಿದೆ. ಅಷ್ಟು ಒಪ್ಪುತ್ತೇನೆ.

ನನಗೆ ಸಿಟ್ಟು ಬರುವುದು ಬೈದವರ ಮೇಲಲ್ಲ, ಹೊಗಳಿದವರ ಮೇಲೆ. ‘ಎಂಬತ್ತಕ್ಕೆ ಇಷ್ಟಾದರೂ ಹಾಡ್ತಾರಲ್ಲ’ ಅನ್ನುವುದು ಹೊಗಳಿಕೆಯಾ? ಅದು ಸೀನಿಯರ್ ಸಿಟಿಜನ್ ರಿಯಾಯಿತಿ. ಪಿಚ್‌ಫೋರ್ಕ್ ಕೊನೇ ಪಕ್ಷ ಪೂರ್ತಿ ಟಿಕೆಟ್ ಕೇಳಿತು.

ಕೆಲಸ ನೋಡಿ. 2005ರ ನಂತರ ಇವರು ಸ್ವಂತ ಹಾಡುಗಳ ಆಲ್ಬಂ ತಂದಿದ್ದು 2023ರಲ್ಲಿ. ನಡುವೆ, 2021ರಲ್ಲಿ, ಡ್ರಮ್ಮರ್ ಚಾರ್ಲಿ ವಾಟ್ಸ್ ತೀರಿಕೊಂಡರು. ಅವರು ಮೊದಲೇ ನುಡಿಸಿಟ್ಟಿದ್ದ ಎರಡು ಹಾಡು ಇದರಲ್ಲಿವೆ. ಅದರಲ್ಲೊಂದಕ್ಕೆ ಎಷ್ಟೋ ವರ್ಷದ ಹಿಂದೆ ತಂಡ ಬಿಟ್ಟಿದ್ದ ಬಿಲ್ ವೈಮನ್ ಬಂದು ಬಾಸ್ ನುಡಿಸಿದ್ದಾರೆ. ಕೊನೆಯ ಹಾಡು ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರದು, ತಂಡಕ್ಕೆ ಹೆಸರು ಸಿಕ್ಕಿದ್ದೇ ಅದರಿಂದ. 1961ರಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮುಂದೆ ತಂಡದ ಗಿಟಾರ್ ವಾದಕರಾದ ಕೀತ್ ರಿಚರ್ಡ್ಸ್ ಮಾತಿಗೆ ನಿಂತಿದ್ದು ಮುಂದೆ ತಂಡದ ಗಾಯಕರಾದ ಮಿಕ್ ಜಾಗರ್ ಕೈಯಲ್ಲಿದ್ದ ರೆಕಾರ್ಡ್‌ಗಳನ್ನು ನೋಡಿ. ಮಡ್ಡಿ ವಾಟರ್ಸ್ ರೆಕಾರ್ಡ್ ಕೂಡ ಅದರಲ್ಲಿತ್ತು. ಅರವತ್ತು ವರ್ಷ ದಾಟಿದ ಮೇಲೆ ಅದೇ ಇಬ್ಬರು ಗಿಟಾರ್, ಮೌತ್ ಆರ್ಗನ್ ಹಿಡಿದು ಕೂತಿದ್ದಾರೆ. ಅತಿಥಿಗಳಿಲ್ಲ, ಸದ್ದನ್ನು ತಿಕ್ಕಿ ತೊಳೆದಿಲ್ಲ. ಇದಕ್ಕೆ ವಯಸ್ಸಿನ ರಿಯಾಯಿತಿ ಯಾಕೆ ಬೇಕು?

ನಮ್ಮಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹೆಸರು ದೇಶದ ತುಂಬ ಹರಡಿದ್ದೇ ಐವತ್ತು ದಾಟಿದ ಮೇಲೆ. ಗಂಗೂಬಾಯಿ ಹಾನಗಲ್ ಅವರ ಗಂಟಲಿಗೆ ಆಪರೇಷನ್ ಆಗಿ ದನಿ ದಪ್ಪಗಾಯಿತು. ಆ ದಪ್ಪ ದನಿಯಲ್ಲೇ ಅವರು ದೊಡ್ಡವರಾದರು. ಹಳೆಯ ದನಿ ತನ್ನಿ ಅಂತ ಅವರ ಹತ್ತಿರ ಯಾರೂ ಹಟ ಹಿಡಿಯಲಿಲ್ಲ.

ಈಗ ನಮ್ಮ ಜಿಲ್ಲೆಯ ಸಭೆಗಳನ್ನೇ ನೋಡಿ. ಹಿರಿಯ ಕಲಾವಿದರನ್ನು ಕರೆಸುತ್ತಾರೆ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಫೋಟೋ. ಆಮೇಲೆ ಕುರ್ಚಿ. ಮೈಕು ಮಾತ್ರ ಮುಖ್ಯ ಅತಿಥಿಗಳ ಹತ್ತಿರ, ಅವರು ಮುಕ್ಕಾಲು ಗಂಟೆ ಬಿಡುವುದಿಲ್ಲ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ವಯಸ್ಸಾದ ಗಾಯಕರು ‘ಇದು ನನ್ನ ಹೊಸ ಹಾಡು’ ಅಂದರೆ ಸಾಕು, ಜನ ಟೀ ಕುಡಿಯಲು ಏಳುತ್ತಾರೆ. ಹಳೆಯದನ್ನೇ ಹಾಡಿದರೆ, ‘ಪಾಪ, ಮೊದಲಿನ ಹಾಗಿಲ್ಲ’. ಮುದುಕರು ಏನು ಮಾಡಬೇಕು, ಹೇಳಿ?

ನೀವು ಕೇಳಿದ್ದು ಇಬ್ಬರಲ್ಲಿ ಯಾರನ್ನು ನಂಬಲಿ ಅಂತ. ಇಬ್ಬರನ್ನೂ ಬಿಡಿ. ಕೊನೆಯ ಹಾಡಿನಿಂದ ಶುರು ಮಾಡಿ, ಆಮೇಲೆ ಚಾರ್ಲಿಯ ಎರಡು. ಮುಂದಿನ ಪತ್ರದಲ್ಲಿ ಬೇಕಾದರೆ ನನ್ನನ್ನೇ ಬೈಯಿರಿ, ಅಚ್ಚು ಹಾಕುತ್ತೇನೆ. ಆದರೆ ಕೇಳಿ ಬೈಯಿರಿ.
– ಸಂ.