ಎಣ್ಣೆ ಬಾಟ್ಲಿ ಹಿಡ್ಕೊಂಡು ಮನೆ ಮನೆ ಹೋಗಿದ್ದು ಅನುಭವ ಅಲ್ವಾ?

ಪ್ರಶ್ನೆ: ಅಕ್ಕಾ, ನಮ್ಮದು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ, ನಾನೀಗ ಬಿಎ ಕೊನೇ ವರ್ಷ. ಎಂಎಸ್‌ಡಬ್ಲ್ಯೂ, ಅಂದ್ರೆ ಸೋಶಿಯಲ್ ವರ್ಕ್‌ನಲ್ಲಿ ಮಾಸ್ಟರ್ ಡಿಗ್ರಿ, ಮಾಡ್ಬೇಕು ಅಂತ ತುಂಬಾ ಆಸೆ. ಮುಂಬೈನ ಟಿಸ್‌ಗೂ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಅಪ್ಲೈ ಮಾಡು ಅಂತ ನಮ್ಮ ಲೆಕ್ಚರರ್ ಹೇಳಿದ್ರು, ಅಲ್ಲಿ ಯಾಕೆ ಸೋಶಿಯಲ್ ವರ್ಕ್ ಓದ್ಬೇಕು ಅಂತ ಬರೆದುಕೊಡ್ಬೇಕಂತೆ. ನಾಲ್ಕು ಸಲ ಬರೆದು ಹರಿದು ಹಾಕಿದೆ. ನಂಗೆ ಅನುಭವ ಅಂತ ಏನೂ ಇಲ್ಲ, ಅಮ್ಮ ಆಶಾ ಕಾರ್ಯಕರ್ತೆ, ಮಂಗನ ಕಾಯಿಲೆ ಸೀಸನ್ನಲ್ಲಿ ಎರಡು ವರ್ಷ ಅವಳ ಜೊತೆ ಮನೆ ಮನೆಗೆ, ಕಾಡಿನ ಉಣುಗು ಕಚ್ಚದ ಹಂಗೆ ಮೈಗೆ ಹಚ್ಚೋ ಎಣ್ಣೆ ಹಂಚೋಕೆ ಹೋಗಿದ್ದೆ ಅಷ್ಟೇ. ಇಂಗ್ಲಿಷೂ ಅಷ್ಟಕ್ಕಷ್ಟೆ. ಅಪ್ಪ ನೋಡಿದ್ರೆ "ಸಮಾಜ ಸೇವೆ ಮಾಡೋಕೆ ಎಂತಕ್ಕೆ ಡಿಗ್ರಿ, ಬಿಎಡ್ ಮಾಡು" ಅಂತಾರೆ. ಏನು ಮಾಡ್ಲಿ?

ಉತ್ತರ: ನೋಡು ತಂಗಿ, ನಿನ್ನ ಪತ್ರದಲ್ಲಿ ಆ "ಅಷ್ಟೇ" ಅನ್ನೋದನ್ನ ಓದಿ ನಂಗೆ ನಿಜವಾಗ್ಲೂ ಬೇಜಾರಾಯ್ತು. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ ಕಾಣಿಸಿಕೊಂಡ ಕಾಯಿಲೆ ಅದು, ಇವತ್ತಿಗೂ ಬೇಸಿಗೆ ಬಂತು ಅಂದ್ರೆ ನಮ್ಮ ಊರುಗಳಲ್ಲಿ ಜ್ವರ ಬಂದೋರ ಮನೇಲಿ ಯಾರಿಗೂ ನಿದ್ದೆ ಇರಲ್ಲ, ಅಂಥಾ ಟೈಮಲ್ಲಿ ನೀನು ಡೆಪಾ ಎಣ್ಣೆ ಬಾಟ್ಲಿ ಹಿಡ್ಕೊಂಡು ಮನೆ ಮನೆ ಹತ್ತಿ ಇಳಿದಿದೀಯಲ್ಲ, ಅದೇ ಕಣಮ್ಮ ಅನುಭವ. ಎಷ್ಟೋ ಹುಡುಗ್ರು ಎಂಎಸ್‌ಡಬ್ಲ್ಯೂ ಸೇರಿದ ಮೇಲೆ ಮೊದಲನೇ ಸಲ ಯಾರದ್ದೋ ಮನೆ ಜಗಲಿ ಮೇಲೆ ಕೂತು ಮಾತಾಡ್ತಾರೆ, ನೀನು ಆಗ್ಲೇ ಮಾಡಿಬಿಟ್ಟಿದೀಯ.

ಹರಿದು ಹಾಕಿದ ನಾಲ್ಕರಲ್ಲೂ ಏನಿತ್ತು ಅಂತ ನಾನು ಊಹೆ ಮಾಡಬಲ್ಲೆ. ಚಿಕ್ಕಂದಿನಿಂದ ಬಡವರ ಸೇವೆ ಮಾಡೋ ಆಸೆ, ಸಮಾಜಕ್ಕೆ ಏನಾದ್ರೂ ಕೊಡ್ಬೇಕು ಅಂತೆಲ್ಲ ಇರತ್ತೆ. ನಾನೂ ಹಂಗೇ ಬರೆದಿದ್ದೆ. ಇಂಟರ್ವ್ಯೂನಲ್ಲಿ ಒಬ್ಬರು ಮೇಷ್ಟ್ರು ಅದನ್ನ ಪಕ್ಕಕ್ಕಿಟ್ಟು, "ಯಾವ ಬಡವರು? ಒಬ್ಬರ ವಿಷಯ ಹೇಳಿ" ಅಂದ್ರು. ಸ್ವಲ್ಪ ಹೊತ್ತು ಬಾಯೇ ಬರ್ಲಿಲ್ಲ. ಆಮೇಲೆ ನಮ್ಮಜ್ಜಿ ನೆನಪಾದ್ರು, ಲಿಂಗನಮಕ್ಕಿ ಡ್ಯಾಂ ಕಟ್ಟಿದಾಗ ಮನೆ ಗದ್ದೆ ಎಲ್ಲ ಶರಾವತಿ ಹಿನ್ನೀರಿಗೆ ಬಿಟ್ಟು ಬಂದೋರು, ಹಕ್ಕುಪತ್ರಕ್ಕೆ ಅಂತ ಸಾಯೋವರೆಗೂ ಫೈಲು ಕಂಕುಳಲ್ಲಿಟ್ಟುಕೊಂಡು ಆಫೀಸು ಅಲೆದೋರು, ಪ್ರತಿ ಸಲ ಹೋಗೋವಾಗ್ಲೂ ಪೆಟ್ಟಿಗೆಯಿಂದ ಒಳ್ಳೇ ಸೀರೆ ತೆಗೆದು ಉಟ್ಕೊಂಡೇ ಹೋಗೋರು, ಯಾಕಂದ್ರೆ ಹಳೇ ಸೀರೇಲಿ ಹೋದ್ರೆ ಕೂರು ಅಂತ ಯಾರೂ ಹೇಳ್ತಿರ್ಲಿಲ್ಲ. ಇಷ್ಟನ್ನೇ ಹೇಳಿದೆ. ಆಮೇಲೆ ಅರ್ಧ ಗಂಟೆ ಅವರು ಅದರ ಬಗ್ಗೆನೇ ಕೇಳಿದ್ರು.

ಅದಕ್ಕೆ ನೀನು ಎಣ್ಣೆ ಹಂಚಿದ ದಿನಗಳನ್ನ ನೆನಪು ಮಾಡ್ಕೊ. ಬಾಟ್ಲಿ ಕೊಟ್ಟ ಮನೇಲಿ ಮುಂದಿನ ವಾರ ಹೋದಾಗ ಅದು ಹಂಗೇ ತುಂಬಿಕೊಂಡು ಕೂತಿತ್ತಾ? ಯಾಕೆ? ವಾಸನೆ ಆಗಲ್ಲ ಅಂದ್ರಾ, ಅಥವಾ ಬೆಳಿಗ್ಗೆ ಆರಕ್ಕೆ ದರಗು (ಒಣ ಎಲೆ) ಗುಡಿಸೋಕೆ ಕಾಡಿಗೆ ಹೋಗೋ ಹೆಂಗಸಿಗೆ ಅದನ್ನ ಹಚ್ಚಿಕೊಳ್ಳೋಕೂ ಪುರಸೊತ್ತಿರ್ಲಿಲ್ವಾ? ಜ್ವರ ಬಂದ್ರೂ ಆಸ್ಪತ್ರೆಗೆ ಬರಲ್ಲ ಅಂದೋರು ಯಾರು, ಅವರು ಹೋದ್ರೆ ಮನೇಲಿ ದನ ಕರು ನೋಡೋರು ಯಾರಿದ್ರು? ನಿಮ್ಮಮ್ಮ ಅವರನ್ನ ಹೆಂಗೆ ಒಪ್ಪಿಸಿದ್ರು, ಒಪ್ಪಿಸೋಕೆ ಆಗದೇ ಇದ್ದಾಗ ಮನೆಗೆ ಬಂದು ಏನಂದ್ರು? ಇದ್ರಲ್ಲಿ ನೀನು ಕಣ್ಣಾರೆ ಕಂಡಿದ್ದು ಒಂದೇ ಒಂದಿದ್ರೂ ಸಾಕು, ಅದನ್ನ ಬರಿ, ಅಲ್ಲಿ ನಿಂಗೆ ಏನು ಗೊತ್ತಾಗ್ಲಿಲ್ಲ ಅನ್ನೋದನ್ನೂ ಬರಿ, ಆ ಗೊತ್ತಾಗದೇ ಇದ್ದಿದ್ದನ್ನ ಕಲಿಯೋಕೆ ಬರ್ತಿದೀನಿ ಅಂತ ಮುಗಿಸು. ಅವರ ಹೆಸರು, ಊರು ಮಾತ್ರ ಹಾಕ್ಬೇಡ. ಮೊದಲು ಕನ್ನಡದಲ್ಲೇ ಬರಿ, ನಿಮ್ಮಮ್ಮಂಗೆ ಓದಿ ಹೇಳು, ಅವರು ಹೌದು ಹಿಂಗೇ ಆಗಿದ್ದು ಅಂದ ಮೇಲೆ ಇಂಗ್ಲಿಷ್ ಮಾಡು.

ಇಂಗ್ಲಿಷ್ ವಿಷಯ ಸುಳ್ಳು ಧೈರ್ಯ ಹೇಳಲ್ಲ. ಟಿಸ್‌ಗೆ ಈಗ ಸಿಯುಇಟಿ-ಪಿಜಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೀಬೇಕು, ಇಂಗ್ಲಿಷ್ ಇಲ್ಲಾ ಹಿಂದಿ, ಕನ್ನಡ ಇಲ್ಲ. 75 ಪ್ರಶ್ನೆ, ಸರಿ ಉತ್ತರಕ್ಕೆ 4 ಮಾರ್ಕ್ಸ್, ತಪ್ಪಿದ್ರೆ 1 ಕಟ್, ಅದಕ್ಕೇ ಗೊತ್ತಿಲ್ಲದ್ದನ್ನ ಸುಮ್ನೆ ಟಿಕ್ ಮಾಡ್ಬೇಡ. ಪರೀಕ್ಷೆ ಹೆಚ್ಚುಕಮ್ಮಿ ಮಾರ್ಚ್‌ಗೆ ಬರತ್ತೆ, ಅರ್ಜಿ ಅದಕ್ಕೂ ಎಷ್ಟೋ ಮುಂಚೆನೇ ಮುಗಿದುಹೋಗಿರತ್ತೆ, ನಮ್ಮ ಕಡೆ ಹುಡುಗ್ರು ರಿಸಲ್ಟ್ ಬರ್ಲಿ ಆಮೇಲೆ ನೋಡೋಣ ಅಂತ ಕೂತು ವರ್ಷ ಕಳ್ಕೋತಾರೆ. ಫೈನಲ್ ಇಯರ್‌ನಲ್ಲಿ ಇರೋರೂ ಹಾಕ್ಬಹುದು. ದಿನಾ ಒಂದು ಇಂಗ್ಲಿಷ್ ಪೇಪರ್ ಎಡಿಟೋರಿಯಲ್ ಜೋರಾಗಿ ಓದು, ಹಿಂಗೆ ಓದಿನೇ ದಾಟಿದೋರು ನಂಗೆ ಗೊತ್ತು.

ಆದ್ರೆ ಟಿಸ್ ಒಂದೇ ಅಂತ ಕೂರ್ಬೇಡ. ಶಂಕರಘಟ್ಟದಲ್ಲಿ ನಮ್ಮ ಕುವೆಂಪು ವಿವಿ ಇದೆ, ಮಂಗಳೂರಲ್ಲಿ 1960ರಿಂದ ನಡೀತಿರೋ ರೋಶನಿ ನಿಲಯ ಕಾಲೇಜು ಇದೆ, ಧಾರವಾಡ ಮೈಸೂರು ಇದೆ. ಸರ್ಕಾರಿ ವಿವಿಗಳಲ್ಲಿ ಮಾರ್ಕ್ಸು, ಮೀಸಲಾತಿ ಲೆಕ್ಕದ ಮೇಲೆ ಸೀಟು, ಕೆಲವು ಕಡೆ ಪ್ರವೇಶ ಪರೀಕ್ಷೆನೂ ಇರತ್ತೆ, ಅದರ ನೋಟಿಫಿಕೇಶನ್ ಪೂರ್ತಿ ಓದು. ಎಲ್ಲಿ ಸೇರ್ಬೇಕು ಅನ್ನೋದಕ್ಕೆ ನಾನು ನೋಡೋದು ಒಂದೇ, ಫೀಲ್ಡ್‌ವರ್ಕ್. ವಾರಕ್ಕೆ ಎರಡು ದಿನ ಹೊರಗೆ ಕಳಿಸ್ತಾರೆ, ರೂರಲ್ ಕ್ಯಾಂಪ್ ಇರತ್ತೆ, ಕೊನೇಲಿ ಒಂದು ತಿಂಗಳು ಬ್ಲಾಕ್ ಪ್ಲೇಸ್‌ಮೆಂಟ್ ಅಂತ ಒಂದೇ ಸಂಸ್ಥೇಲಿ ಪೂರ್ತಿ ಕೆಲಸ, ಇದು ಹೆಚ್ಚುಕಮ್ಮಿ ಎಲ್ಲ ಕಡೆ ಇದೆ. ನೀನು ಅಲ್ಲಿ ಓದ್ತಿರೋ ಸೀನಿಯರ್ ಒಬ್ಬರನ್ನ ಹಿಡಿದು ಕೇಳ್ಬೇಕಾಗಿದ್ದು ಏನಂದ್ರೆ, ನೀವು ಬರೆದ ಫೀಲ್ಡ್‌ವರ್ಕ್ ರಿಪೋರ್ಟನ್ನ ಯಾರಾದ್ರೂ ಓದ್ತಾರಾ, ವಾರಕ್ಕೊಂದು ಸಲ ಎದುರು ಕೂರಿಸಿಕೊಂಡು ನೀನು ಹಿಂಗ್ಯಾಕೆ ಮಾತಾಡಿದೆ, ಅವರು ಸುಮ್ನಾದಾಗ ನೀನ್ಯಾಕೆ ಬಾಯಿ ಹಾಕಿದೆ ಅಂತ ಕೇಳ್ತಾರಾ, ಇಲ್ಲ ಸೈನ್ ಮಾತ್ರ ಹಾಕ್ತಾರಾ. ಸೈನ್ ಮಾತ್ರ ಅಂದ್ರೆ ಎಷ್ಟು ದೊಡ್ಡ ಹೆಸರಿನ ಕಾಲೇಜಾದ್ರೂ ಯೋಚನೆ ಮಾಡು. ಇನ್ನೊಂದು, ಮುಂಬೈ ಚಾಳಲ್ಲಿ ಕೂತಾಗ ನಿಂಗೆ ಮರಾಠಿ ಹಿಂದಿ ಬರದೇ ಮೊದಲ ಕೆಲವು ತಿಂಗಳು ನಾಲಿಗೆ ಕಟ್ಟಿದ ಹಂಗಾಗತ್ತೆ, ಶಂಕರಘಟ್ಟದಲ್ಲಿ ಮೊದಲನೇ ದಿನದಿಂದ ನಿನ್ನ ಭಾಷೇಲೇ ಕೆಲಸ. ಎರಡಕ್ಕೂ ಅದರದ್ದೇ ಲಾಭ ಇದೆ, ಎರಡಕ್ಕೂ ಅರ್ಜಿ ಹಾಕು.

ಅಪ್ಪಂಗೆ ಹೇಳು, ಸೇವೆ ಮಾಡೋಕೆ ಡಿಗ್ರಿ ಬೇಡ, ಖಂಡಿತ ಬೇಡ. ಆದ್ರೆ ಪಕ್ಕದ ಕೇರಿಲಿ ಹದಿನಾರು ವರ್ಷದ ಹುಡುಗಿಗೆ ಮದುವೆ ಮಾಡ್ತಿದಾರೆ ಅಂತ ಗೊತ್ತಾದಾಗ ಹೋಗಿ ಗಲಾಟೆ ಮಾಡಿ ಬರೋದು ಒಂದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡೋದು, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಏನು ಹೇಳ್ಬೇಕು ತಿಳ್ಕೊಂಡಿರೋದು, ಮದುವೆ ನಿಂತ ಮೇಲೂ ಆ ಹುಡುಗಿ ಅದೇ ಮನೇಲಿ ಅದೇ ಅಪ್ಪನ ಎದುರು ಊಟ ಮಾಡ್ಬೇಕು ಅನ್ನೋದನ್ನ ಮರೀದೇ ಮನೆಯೋರ ಹತ್ರ ಮಾತಾಡೋದು, ಇದು ಬೇರೆ. ಇದನ್ನ ಕಲೀಬೇಕು. ಮುಂಬೈ ನಾಗಪಾಡದ ಬಡವರ ಕೇರಿಲಿ ಕೆಲಸ ಮಾಡ್ತಿದ್ದ ಕ್ಲಿಫರ್ಡ್ ಮಾನ್ಷರ್ಡ್ ಅವರು 1936ರಲ್ಲಿ ಟಾಟಾ ಟ್ರಸ್ಟ್ ದುಡ್ಡಲ್ಲಿ ಈ ಟಿಸ್ ಶುರು ಮಾಡಿಸಿದ್ದೂ ತರಬೇತಿ ಆದ ಜನ ಬೇಕು ಅಂತಾನೇ. ಸಂಬಳದ ಬಗ್ಗೆ ಅಪ್ಪ ಕೇಳಿದ್ರೆ ಮುಚ್ಚಿಡ್ಬೇಡ, ಶುರುವಿನಲ್ಲಿ ಕಮ್ಮಿನೇ, ಗುತ್ತಿಗೆ ಕೆಲಸಗಳೇ ಜಾಸ್ತಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯ ಸ್ಕಾಲರ್‌ಶಿಪ್, ಹಾಸ್ಟೆಲ್, ಊಟ ವಸತಿ ಸಹಾಯದ ವಿದ್ಯಾಸಿರಿಗೆ ಬೇಕಾದ ಜಾತಿ ಆದಾಯ ಪ್ರಮಾಣಪತ್ರ ಮಾತ್ರ ಈಗ್ಲೇ ಮಾಡಿಸಿಟ್ಟುಕೊ.

ಪ್ರಶ್ನೆ: ಮೇಡಂ, ನಾನು ಭದ್ರಾವತಿಯವನು, ಬಿಕಾಂ. ಅಪ್ಪಂಗೆ ಫ್ಯಾಕ್ಟರಿ ಕೆಲಸ ಹೋಗಿ ಎಷ್ಟೋ ವರ್ಷ ಆಯ್ತು. ಎಂಎಸ್‌ಡಬ್ಲ್ಯೂನಲ್ಲಿ ಎಚ್‌ಆರ್ ತಗೊಂಡ್ರೆ ಬೇಗ ಕೆಲಸ ಸಿಗತ್ತಂತೆ. ಎಚ್‌ಆರ್ ತಗೊಳ್ಳೋದು ಸೋಶಿಯಲ್ ವರ್ಕ್‌ಗೆ ಮೋಸ ಮಾಡಿದ ಹಂಗೆ ಅಂತ ಫ್ರೆಂಡ್ಸ್ ಅಂತಾರೆ, ನಿಜಾನಾ?

ಉತ್ತರ: ಅಲ್ಲ ತಮ್ಮಾ. 1948ರ ಕಾರ್ಖಾನೆ ಕಾಯ್ದೆ 500 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರೋ ಕಡೆ ಅವರ ಕ್ಷೇಮ ನೋಡ್ಕೊಳ್ಳೋಕೆ ವೆಲ್ಫೇರ್ ಆಫೀಸರ್ ಇರ್ಲೇಬೇಕು ಅಂತ ಹೇಳಿತ್ತು, ಎಂಎಸ್‌ಡಬ್ಲ್ಯೂ ಮಾಡಿದೋರು ಫ್ಯಾಕ್ಟರಿ ಒಳಗೆ ಹೋಗಿದ್ದೇ ಆ ದಾರೀಲಿ. ಕೆಲಸ ಹೋದ ಮನೇಲಿ ಸಂಜೆ ಹೆಂಗಿರತ್ತೆ ಅನ್ನೋದು ನಿಂಗೆ ಗೊತ್ತು, ಅಂಥವನು ಆ ಕುರ್ಚೀಲಿ ಕೂರೋದು ಒಳ್ಳೇದೇ. ಬಿಕಾಂ ಆದೋರಿಗೆ ಕೆಲವು ವಿವಿಗಳು ಸೀಟು ಕೊಡ್ತವೆ, ಕೆಲವು ಕೊಡಲ್ಲ, ಫೀಸ್ ಕಟ್ಟೋ ಮುಂಚೆ ನೋಡ್ಕೊ. ಮೊದಲ ವರ್ಷ ಮಾತ್ರ ಆಸ್ಪತ್ರೆನೋ ಹಳ್ಳಿನೋ ಎಲ್ಲಿಗೆ ಕಳಿಸಿದ್ರೂ ಮನಸಿಟ್ಟು ಹೋಗು, ಎಚ್‌ಆರ್‌ಗೆ ಇದೆಂತಕ್ಕೆ ಅನ್ಬೇಡ.

ಪ್ರಶ್ನೆ: ನಂಗೆ 36 ವರ್ಷ, ಹೊಸನಗರದ ಹತ್ರ ಅಂಗನವಾಡಿ ಟೀಚರ್. ಮನೆಯಿಂದಲೇ ಎಂಎಸ್‌ಡಬ್ಲ್ಯೂ ಮಾಡ್ಬಹುದಾ?

ಉತ್ತರ: ಮಾಡ್ಬಹುದು ಟೀಚರೇ, ಇಗ್ನೋ ಮುಕ್ತ ವಿವಿಲಿ ದೂರಶಿಕ್ಷಣದ ಎಂಎಸ್‌ಡಬ್ಲ್ಯೂ ಇದೆ, ಯಾವ ಡಿಗ್ರಿ ಆಗಿದ್ರೂ ನಡೆಯತ್ತೆ, ಎರಡು ವರ್ಷದ ಕೋರ್ಸನ್ನ ನಾಲ್ಕು ವರ್ಷದ ತನಕ ಎಳೀಬಹುದು. ಮನೆಯಿಂದಲೇ ಅಂದ್ರೂ ಫೀಲ್ಡ್‌ವರ್ಕ್ ತಪ್ಪಲ್ಲ, ಅದಕ್ಕೆ ರಜೆ ಹೆಂಗೆ ಅಂತ ನಿಮ್ಮ ಸೂಪರ್‌ವೈಸರ್ ಹತ್ರ ಅರ್ಜಿ ಹಾಕೋ ಮುಂಚೆನೇ ಮಾತಾಡಿ.