ಕ್ಯಾಪಿಸ್ಟ್ರಾನೋ ಟಾಸ್ಕ್‌ನಲ್ಲಿ ‘ಸಿಡಿ’ ಯಾಕೆ ಕೆಲಸ ಮಾಡಲ್ಲ?

ನೀವು ಕೇಳಿರುವುದು ಇಷ್ಟು ಅಲ್ವಾ: ಆಪ್‌ನ ಹೊಸ ರಿಲೀಸನ್ನು ಸರ್ವರ್‌ಗೆ ಹಾಕುವ (ಡೆಪ್ಲಾಯ್ ಮಾಡುವ) ಸಾಧನವಾದ ಕ್ಯಾಪಿಸ್ಟ್ರಾನೋ 3ರಲ್ಲಿ ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ಪಟ್ಟಿ) ತಯಾರಿಸುವ ಟಾಸ್ಕ್ ಬರೆದಿದ್ದೀರಿ. ಸರ್ವರ್‌ನಲ್ಲಿ ಕಮಾಂಡ್ ಓಡಿಸುವ ಒಂದು ಎಕ್ಸಿಕ್ಯೂಟ್ ಸಾಲಿನಲ್ಲಿ ‘ಸಿಡಿ’ (ಫೋಲ್ಡರ್ ಬದಲಿಸುವ ಕಮಾಂಡ್) ಮಾಡಿ ಆಪ್ ಫೋಲ್ಡರ್‌ಗೆ ಹೋಗಿದ್ದೀರಿ, ಮುಂದಿನ ಸಾಲಿನಲ್ಲಿ ರೇಕ್ (ರೂಬಿ ಟಾಸ್ಕ್‌ಗಳನ್ನು ಓಡಿಸುವ ಸಾಧನ) ಓಡಿಸಿದ್ದೀರಿ. ರೇಕ್‌ಫೈಲ್ ಸಿಗಲಿಲ್ಲ ಅಂತ ಎರರ್ ಬರುತ್ತಿದೆ. ಜೊತೆಗೆ, ಪ್ರತಿ ಡೆಪ್ಲಾಯ್‌ನಲ್ಲೂ ಇದು ತಾನಾಗಿ ಓಡಬೇಕು.

ತಪ್ಪು ಆ ‘ಸಿಡಿ’ಯಲ್ಲೇ ಇದೆ. ಪ್ರತಿ ಎಕ್ಸಿಕ್ಯೂಟ್ ಸಾಲಿಗೂ ಸರ್ವರ್‌ನಲ್ಲಿ ಹೊಸ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಶುರುವಾಗುತ್ತದೆ. ಮೊದಲ ಶೆಲ್ ಫೋಲ್ಡರ್ ಬದಲಿಸಿ ಮುಗಿದು ಹೋಯಿತು. ಎರಡನೆಯದು ಮತ್ತೆ ಹೋಮ್ ಫೋಲ್ಡರ್‌ನಿಂದಲೇ ಶುರು.

ನಿಮಗೆ ಬರೀ ಎರರ್ ಬಂದಿದೆ, ಪುಣ್ಯ. ನಾನು ಹೀಗೇ ಮೊದಲ ಸಾಲಿನಲ್ಲಿ ಕ್ಯಾಶ್ ಫೋಲ್ಡರ್‌ಗೆ ‘ಸಿಡಿ’ ಮಾಡಿ, ಎರಡನೇ ಸಾಲಿನಲ್ಲಿ ಫೋಲ್ಡರ್‌ನಲ್ಲಿರುವುದನ್ನೆಲ್ಲ ಅಳಿಸುವ ‘ಆರ್‌ಎಂ -ಆರ್‌ಎಫ್ *’ ಬರೆದಿದ್ದೆ. ಡೆಪ್ಲಾಯ್ ಯೂಸರ್‌ನ ಹೋಮ್ ಫೋಲ್ಡರ್ ಪೂರ್ತಿ ಖಾಲಿ! ಸ್ಟೇಜಿಂಗ್ (ಪರೀಕ್ಷೆಗೆಂದು ಇಟ್ಟ) ಸರ್ವರ್ ಆಗಿದ್ದರಿಂದ ಬಚಾವಾದೆ. ಆ ನಕ್ಷತ್ರ ಚಿಹ್ನೆ ಡಾಟ್‌ನಿಂದ ಶುರುವಾಗುವ ಹೆಸರುಗಳನ್ನು ಮುಟ್ಟಲ್ಲ. ಹಾಗಾಗಿ ಡಾಟ್‌ನಿಂದ ಶುರುವಾಗುವ ಫೋಲ್ಡರ್‌ನಲ್ಲಿದ್ದ ಎಸ್‌ಎಸ್‌ಎಚ್ ಕೀ (ಲಾಗಿನ್ ಆಗಲು ಬೇಕಾದ ಕೀ) ಉಳಿದಿತ್ತು, ಮತ್ತೆ ಲಾಗಿನ್ ಆಗೋಕಾದರೂ ಆಯಿತು.

ಸರಿಯಾದ ದಾರಿ ‘ವಿದಿನ್’. ‘ವಿದಿನ್ ರಿಲೀಸ್_ಪಾತ್ ಡು’ (ರಿಲೀಸ್_ಪಾತ್ ಅಂದರೆ ರಿಲೀಸ್ ಇರುವ ಫೋಲ್ಡರ್) ಅಂತ ಬ್ಲಾಕ್ ತೆರೆದು, ಅದರೊಳಗೆ ಎಕ್ಸಿಕ್ಯೂಟ್ ಹಾಕಿ. ಆದರೆ ಇಲ್ಲೂ ಒಂದು ಗುಂಡಿ ಇದೆ, ಜಾಸ್ತಿ ಜನ ಬೀಳುವುದು ಇದರಲ್ಲೇ. ಕಮಾಂಡನ್ನು ಇಡಿಯಾಗಿ ಒಂದೇ ಸ್ಟ್ರಿಂಗ್ ಆಗಿ, ನಡುವೆ ಸ್ಪೇಸ್ ಇಟ್ಟು ಕೊಟ್ಟರೆ ‘ವಿದಿನ್’ ಲೆಕ್ಕಕ್ಕೇ ಬರಲ್ಲ. ‘ವಿತ್’ ಬ್ಲಾಕ್‌ನಲ್ಲಿ ಕೊಟ್ಟ ರೈಲ್ಸ್ ಎನ್ವಿರಾನ್‌ಮೆಂಟ್ (ಸ್ಟೇಜಿಂಗೋ ಪ್ರೊಡಕ್ಷನ್ನೋ ಎಂಬ ಸೆಟ್ಟಿಂಗ್) ಕೂಡ ಹೋಯಿತು. ಎಚ್ಚರಿಕೆಯೂ ಬರಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ಅದಕ್ಕೇ ತುಂಡು ಮಾಡಿ ಕೊಡಿ:

ಎಕ್ಸಿಕ್ಯೂಟ್ :ರೇಕ್, "ಸೈಟ್‌ಮ್ಯಾಪ್:ರಿಫ್ರೆಶ್"

ಹೀಗೆ ಕೊಟ್ಟರೆ ಬಂಡ್ಲರ್ (ಆಪ್‌ಗೆ ಬೇಕಾದ ಜೆಮ್‌ಗಳನ್ನು ನೋಡಿಕೊಳ್ಳುವುದು), ಆರ್‌ಬಿಎನ್ವ್ (ಸರಿಯಾದ ರೂಬಿ ಆವೃತ್ತಿ ಆರಿಸುವುದು) ಪ್ಲಗಿನ್‌ಗಳು ರೇಕ್‌ನ ಮುಂದೆ ತಮ್ಮ ಕಮಾಂಡ್ ಸೇರಿಸಿಕೊಳ್ಳುತ್ತವೆ. ಒಂದೇ ಸ್ಟ್ರಿಂಗ್ ಕೊಟ್ಟರೆ ಅದೂ ಇಲ್ಲ. ನಾನೇ ಲಾಗಿನ್ ಆಗಿ ಓಡಿಸಿದರೆ ಆಗುತ್ತೆ, ಕ್ಯಾಪಿಸ್ಟ್ರಾನೋದಿಂದ ಆಗಲ್ಲ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಇನ್ನು ತಾನಾಗಿ ಓಡಿಸುವುದು. ‘ಆಫ್ಟರ್ "ಡೆಪ್ಲಾಯ್:ಪಬ್ಲಿಷ್ಡ್", "ಸೈಟ್‌ಮ್ಯಾಪ್:ರಿಫ್ರೆಶ್"’ ಸಾಕು. ಈಗ ಚಾಲ್ತಿಯಲ್ಲಿರುವ ರಿಲೀಸನ್ನು ತೋರಿಸುವ ‘ಕರೆಂಟ್’ ಲಿಂಕ್ ಹೊಸ ರಿಲೀಸ್‌ಗೆ ತಿರುಗಿದ ಮೇಲೆ ಇದು ಓಡುತ್ತದೆ. ಆದರೆ ಫೇಲಾದರೆ ಸೈಟ್ ಕೆಡುವಂಥ ಕೆಲಸವನ್ನು ನಾನು ಇಲ್ಲಿ ಇಡಲ್ಲ, ಅದಕ್ಕೂ ಮುಂಚಿನ ‘ಡೆಪ್ಲಾಯ್:ಅಪ್‌ಡೇಟೆಡ್’ ಹಂತ ಆದಮೇಲೆ ಇಡುತ್ತೇನೆ. ಆ ಹೊತ್ತಿಗೆ ಲಿಂಕ್ ಇನ್ನೂ ತಿರುಗಿರಲ್ಲ. ಅಲ್ಲಿ ಎಡವಿದರೆ ಡೆಪ್ಲಾಯ್ ನಿಲ್ಲುತ್ತದೆ, ಲಿಂಕ್ ಹಳೇ ರಿಲೀಸ್‌ನಲ್ಲೇ ಇರುತ್ತದೆ.

ನೀವು ‘ಆನ್ ರೋಲ್ಸ್(:ಆಪ್)’ ಅಂತ ಬರೆದಿದ್ದರೆ, ಮೂರು ಆಪ್ ಸರ್ವರ್ ಇದ್ದಾಗ ಮೂರರಲ್ಲೂ ಒಟ್ಟಿಗೆ ಓಡುತ್ತದೆ. ಒಂದರಲ್ಲಿ ಸಾಕು ಅಂದರೆ ‘ಪ್ರೈಮರಿ(:ಆಪ್)’ ಹಾಕಿ.

ಫೈಲ್‌ನ ಕೊನೆ ‘.ರೇಕ್’ ಇರಲಿ, ‘ಲಿಬ್/ಕ್ಯಾಪಿಸ್ಟ್ರಾನೋ/ಟಾಸ್ಕ್ಸ್’ ಫೋಲ್ಡರ್‌ನಲ್ಲಿರಲಿ. ಕ್ಯಾಪಿಸ್ಟ್ರಾನೋ ಜೊತೆಯಲ್ಲಿ ಬರುವ ಕ್ಯಾಪ್‌ಫೈಲ್ (ಅದರ ಸೆಟ್ಟಿಂಗ್ ಫೈಲ್) ಅಲ್ಲಿನ ಆ ಫೈಲ್‌ಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ‘ಆಫ್ಟರ್’ ಸಾಲು ಸೇರಿಸುವ ಮೊದಲು ‘ಕ್ಯಾಪ್ ಸ್ಟೇಜಿಂಗ್ ಸೈಟ್‌ಮ್ಯಾಪ್:ರಿಫ್ರೆಶ್’ ಅಂತ ಈ ಟಾಸ್ಕ್ ಒಂದನ್ನೇ ಓಡಿಸಿ ನೋಡಿ. ಟಾಸ್ಕ್‌ಗಳನ್ನು ತೋರಿಸುವ ‘ಕ್ಯಾಪ್ -ಟಿ’ ಪಟ್ಟಿಯಲ್ಲಿ ಅದು ಕಾಣದಿದ್ದರೆ ಗಾಬರಿ ಬೇಡ. ಟಾಸ್ಕ್‌ನ ಮೇಲೆ ‘ಡೆಸ್ಕ್’ (ವಿವರಣೆ) ಸಾಲು ಬರೆಯಲು ಮರೆತಿರುತ್ತೀರಿ, ಅಷ್ಟೇ.