‘ಶ್ರೀಮತ್’ ಆದ ಮೇಲೆ ಯಾರ ಹೆಸರು?

ನಮಸ್ಕಾರ.

ನಿಮ್ಮ ಕಾದಂಬರಿಯ ಮೊದಲ ಆರು ಅಧ್ಯಾಯಗಳನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಪ್ರಕಟಿಸಲಾರೆವು. ಆದರೂ ಸುಮ್ಮನೆ ಹಿಂದಿರುಗಿಸಲು ಮನಸ್ಸಾಗಲಿಲ್ಲ. ನೀವು ಎತ್ತಿಕೊಂಡ ಪ್ರಶ್ನೆ ಅಷ್ಟು ಚೆನ್ನಾಗಿದೆ. 1076ರಲ್ಲಿ ಚಾಲುಕ್ಯರ ರಾಜಧಾನಿ ಕಲ್ಯಾಣದ ಪಟ್ಟಕ್ಕಾಗಿ ಅಣ್ಣತಮ್ಮಂದಿರು ಕಾದಾಡಿದಾಗ ತಮ್ಮ ಆರನೇ ವಿಕ್ರಮಾದಿತ್ಯ ಸೋತು, ಅಣ್ಣ ಎರಡನೇ ಸೋಮೇಶ್ವರನೇ ಉಳಿದುಕೊಂಡಿದ್ದರೆ?

ತೊಂದರೆ ಶುರುವಾಗುವುದೇ ನಿಮ್ಮ ಸೋಮೇಶ್ವರನಿಂದ. ಅವನು ಕೇಡಿಗ, ತಮ್ಮ ದೇವರಂಥವನು. ಇದನ್ನು ನೀವು ಬಿಲ್ಹಣನಿಂದ ಎತ್ತಿದ್ದೀರಿ. ಕಾಶ್ಮೀರದಿಂದ ಬಂದು ವಿಕ್ರಮಾದಿತ್ಯನ ಆಸ್ಥಾನದ ಅನ್ನ ಉಂಡ ಕವಿ ಅವನು. ತಂದೆಯೇ ಯುವರಾಜ ಪಟ್ಟ ಕೊಡಲು ಬಂದರೂ ತಮ್ಮ ಒಲ್ಲೆನೆಂದ ಎನ್ನುತ್ತಾನೆ. ಅಣ್ಣನ ಮೇಲೆ ಯುದ್ಧ ಮಾಡಲು ಶಿವನಿಂದಲೇ ಅಪ್ಪಣೆ ಕೊಡಿಸುತ್ತಾನೆ. ನಿಮ್ಮ ಕಥೆಯಲ್ಲಿ ಗೆದ್ದವನು ಅಣ್ಣ. ಹಾಗಿದ್ದರೆ ಬಿಲ್ಹಣ ಈಗ ಯಾರನ್ನು ಹೊಗಳುತ್ತಾನೆ? ಗಂಟುಮೂಟೆ ಕಟ್ಟುತ್ತಾನೋ, ಶ್ಲೋಕ ತಿದ್ದುತ್ತಾನೋ? ನಾನು ಕಾಯುತ್ತಿದ್ದ ಆ ಅಧ್ಯಾಯವೇ ಇಲ್ಲ.

ಸೋಮೇಶ್ವರನ ಪಕ್ಷಕ್ಕೆ ಚೋಳ ಕುಲೋತ್ತುಂಗ ನಿಂತಿದ್ದ. ಅವನ ಹಂಗಿನಲ್ಲಿ ಗೆದ್ದವನು ಆ ಋಣ ಹೇಗೆ ತೀರಿಸಿದ? ನೀವು ಕಾಳಗಕ್ಕೆ ಎಂಬತ್ತು ಪುಟ ಕೊಟ್ಟು, ಮಾರನೆಯ ದಿನಕ್ಕೆ ಒಂದೂವರೆ ಪುಟ ಉಳಿಸಿದ್ದೀರಿ. ತದ್ವಿರುದ್ಧವಾಗಬೇಕಿತ್ತು. ವಿಕ್ರಮಾದಿತ್ಯನ ಐವತ್ತು ವರ್ಷದ ಆಳ್ವಿಕೆಯೇ ಇಲ್ಲವೆಂದರೆ ಅವನ ನೆರಳಿನಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ವೂ ಅನುಮಾನ. ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಎಂದ ಗ್ರಂಥ ಅದು. ಅಣ್ಣನ ಪಟ್ಟ ಕಿತ್ತುಕೊಂಡವನ ಊರಿನಲ್ಲೇ ಹುಟ್ಟಿತು. ಇಂಥ ವ್ಯಂಗ್ಯ ಕಾಲಿಗೆ ತೊಡರಿದರೂ ದಾಟಿಕೊಂಡು ಹೋಗಿದ್ದೀರಿ.

(ವಿಜಯದ ಔತಣದಲ್ಲಿ ಮೆಣಸಿನಕಾಯಿ ಬಜ್ಜಿ ಬಡಿಸಿದ್ದೀರಿ. ಮೆಣಸಿನಕಾಯಿ ತಂದ ಪೋರ್ಚುಗೀಸರು ಬರಲು ಇನ್ನೂ ನಾನೂರು ವರ್ಷಕ್ಕೂ ಹೆಚ್ಚು ಇದೆ. ಕಾಳುಮೆಣಸು ಹಾಕಿ.)

ನನಗೆ ಇಷ್ಟವಾದದ್ದು ನಾಲ್ಕನೇ ಅಧ್ಯಾಯದಲ್ಲಿ ಎರಡೇ ಸಾಲಿನಲ್ಲಿ ಬಂದು ಮರೆಯಾಗುವ ರೂವಾರಿ. ದೇವಸ್ಥಾನಕ್ಕೆ ಬಿಟ್ಟ ಭೂಮಿಯ ಶಾಸನ ಕೆತ್ತುತ್ತಿದ್ದಾನೆ, ಕಲ್ಯಾಣದಿಂದ ಸುದ್ದಿ ಬಂದಿಲ್ಲ. ಅಲ್ಲೇ ನಿಲ್ಲಿ. ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ’ದಿಂದ ‘ಚಾಳುಕ್ಯಾಭರಣ ಶ್ರೀಮತ್’ ತನಕ ಅವನ ಉಳಿಗೆ ಅಳುಕಿಲ್ಲ. ಆ ಬಿರುದುಗಳು ಯಾವ ಚಾಲುಕ್ಯ ದೊರೆಗಾದರೂ ಸಲ್ಲುತ್ತವೆ. ‘ಶ್ರೀಮತ್’ ಆದ ಮೇಲೆ? ‘ಭುವನೈಕಮಲ್ಲದೇವರ’ ಎಂದರೆ ಅಣ್ಣ, ‘ತ್ರಿಭುವನಮಲ್ಲದೇವರ’ ಎಂದರೆ ತಮ್ಮ. ಕೆಳಗೆ ವರ್ಷ ಬೇರೆ ಹಾಕಬೇಕು. ತಮ್ಮ ಗೆದ್ದದ್ದಕ್ಕೆ ಶಕವರ್ಷವನ್ನು ಬದಿಗೊತ್ತಿ ಚಾಲುಕ್ಯ ವಿಕ್ರಮವರ್ಷ ಬಂತು. ನಿಮ್ಮ ಲೋಕದಲ್ಲಿ ಆ ಲೆಕ್ಕವೇ ಹುಟ್ಟುವುದಿಲ್ಲ. ಕೂಲಿ ಕೊಡಬೇಕಾದ ಊರಗೌಡ ಬೇಗ ಮುಗಿಸು ಎಂದು ತಲೆಯ ಮೇಲೆ ನಿಂತಿದ್ದಾನೆ.

ಈ ರೂವಾರಿಯಿಂದ ಶುರುಮಾಡಿ ಹೊಸದಾಗಿ ಇಪ್ಪತ್ತು ಪುಟ ಬರೆದು ಕಳಿಸಿ. ಕಾಳಗ ಬೇಡ, ಅದರ ಸದ್ದು ದೂರದಿಂದ ಕೇಳಿದರೆ ಸಾಕು. ಮಳೆಗಾಲ ಮುಗಿಯುವುದರೊಳಗೆ ತಲುಪಿದರೆ ನಾನೇ ಓದುತ್ತೇನೆ.

— ಸಂಪಾದಕ